ಯೆಹೂದ್ಯರ ಭಾನುವಾರದ ಶಾಲೆಗಳೂ ಅವುಗಳ ಉಪಾಧ್ಯಾಯರ ಶಿಕ್ಷಣವೂ

೧

ವಿದ್ಯೆಯನ್ನು ಕಲಿಸುವುದು ಒಂದು, ಕಲಿಸುವುದನ್ನು ಕಲಿಯುವುದು ಇನ್ನೊಂದು. ಮೊದಲನೆಯದು ಎಲ್ಲ ನಾಗರಿಕ ಜನಾಂಗಗಳಲ್ಲಿಯೂ ಪ್ರಾಚೀನಕಾಲದಿಂದ ನಡೆದುಬಂದಿದೆ. ಎರಡನೆಯದಕ್ಕೆ ಪ್ರತ್ಯೇಕವಾದ ಶಾಲೆಗಳು ಬೇಕೆಂಬ ಭಾವನೆಯಾದರೋ ಈಚಿನದು. ಹಾಗೂ ಆ ಶಾಲೆಗಳು ಹುಟ್ಟಿದುದು ದಿನವೆಲ್ಲ ಪಾಠ ಹೇಳಿ ಅದರಿಂದಲೇ ಜೀವಿಸುವ ಉಪಾಧ್ಯಾಯರಿಗಾಗಿ. ವಾರಕ್ಕೆ ಎರಡು ಗಂಟೆಗಳ ಕಾಲ ಮಾತ್ರ ಪಾಠ ಹೇಳುವವರಿಗೆ, ಉಳಿದ ದಿನಗಳಲ್ಲಿ ಗುಮಾಸ್ತರೋ ವಿದ್ಯಾರ್ಥಿಗಳೋ ಗೃಹಿಣಿಯರೋ ಆಗಿರುವವರಿಗೆ, ಬೋಧನವಿಧಾನವನ್ನು ಹೇಗೆ ಕಲಿಸಬೇಕು? ಅಷ್ಟು ಅಲ್ಪವಾದ ಕೆಲಸಕ್ಕೆ ಅಷ್ಟು ಶ್ರಮವು ಯುಕ್ತವೇ? ಯುಕ್ತವಾದರೆ ಅದರ ವೆಚ್ಚವನ್ನು ಹೊರುವವರು ಯಾರು? ಈ ಪ್ರಶ್ನೆಗಳನ್ನು ಅಮೆರಿಕಾ ದೇಶದ ಯೆಹೂದ್ಯರು ನೂರೆಂಬತ್ತು ವರ್ಷಗಳಿಗೂ ಮಿಕ್ಕು ಬಗೆಹರಿಸಿಕೊಳ್ಳಲು ಯತ್ನಿಸುತ್ತ ಬಂದಿದ್ದಾರೆ. ಆ ಯತ್ನದ ಚರಿತ್ರೆಯು ವಿದ್ಯಾಪ್ರಿಯರೆಲ್ಲರೂ ತಿಳಿಯತಕ್ಕದ್ದಾಗಿದೆ.

ಯೆಹೂದ್ಯರು ಭಾರತೀಯರಿಗೆ ಅಪರಿಚಿತರಲ್ಲ. ಕೊಚ್ಚಿಯಲ್ಲಿಯೂ ಕೊಂಕಣದ ತೀರದಲ್ಲಿಯೂ ಅವರ ಮನೆತನಗಳು ಶತಮಾನಗಳ ಕಾಲ ನೆಲಸಿದ್ದುವು. ಎಲ್ಲಿ ನೆಲಸಿದರೂ ಅವರು ಒಯ್ದುದು ತಮ್ಮ ಧರ್ಮಗ್ರಂಥವಾದ ತೋರಾವನ್ನು. ರಾಜ್ಯವಿಲ್ಲದ ಜನಾಂಗಕ್ಕೆ ಗ್ರಂಥವೇ ರಾಜ್ಯವಾಯಿತು. ಆದುದರಿಂದ ಮಗುವಿಗೆ ಆ ಗ್ರಂಥವನ್ನು ಕಲಿಸುವವನ ಯೋಗ್ಯತೆಯು ಅವರಿಗೆ ಕೇವಲ ಶಾಲೆಯ ವಿಷಯವಾಗಿರಲಿಲ್ಲ. ಅದು ಜನಾಂಗದ ಉಳಿವಿನ ವಿಷಯವಾಗಿತ್ತು.

೨

ಈ ವಿಚಾರದಲ್ಲಿ ಅವರ ಪೂರ್ವಿಕರು ಏನು ಹೇಳಿದ್ದರೆಂಬುದನ್ನು ಮೊದಲು ನೋಡಬಹುದು. ತಾಲ್ಮೂಡ್ ಎಂಬ ಮಹಾಗ್ರಂಥದಲ್ಲಿ ಪ್ರಾಥಮಿಕ ಶಾಲೆಗಳ ಉತ್ಪತ್ತಿಯ ಕಥನವೊಂದಿದೆ. ಆದಿಯಲ್ಲಿ ತಂದೆಯಿದ್ದ ಮಗು ತಂದೆಯಿಂದಲೇ ಕಲಿಯುತ್ತಿತ್ತು. ತಂದೆಯಿಲ್ಲದ ಮಗುವಿಗೆ ವಿದ್ಯೆಯೇ ಇರಲಿಲ್ಲ. ತರುವಾಯ ಜೆರೂಸಲೇಮಿನಲ್ಲಿ ಉಪಾಧ್ಯಾಯರನ್ನು ನೇಮಿಸಿದರು. ಆಗಲೂ ತಂದೆಯಿದ್ದವನು ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದನು. ಅನಾಥನು ಊರಿನಲ್ಲಿಯೇ ಉಳಿಯುತ್ತಿದ್ದನು. ಆಮೇಲೆ ಪ್ರಾಂತ ಪ್ರಾಂತಗಳಲ್ಲಿ ಶಾಲೆಗಳನ್ನಿಟ್ಟು ಹದಿನಾರು ಹದಿನೇಳು ವಯಸ್ಸಿನ ಹುಡುಗರನ್ನು ಸೇರಿಸಿದರು. ಗುರುವು ಗದರಿಸಿದರೆ ಆ ವಯಸ್ಸಿನವರು ಎದ್ದು ಹೊರಟುಹೋಗುತ್ತಿದ್ದರು. ಕಟ್ಟಕಡೆಗೆ ಯೆಹೋಷುವ ಬೆನ್ ಗಮ್ಲ ಎಂಬ ಪ್ರಧಾನ ಪುರೋಹಿತನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ, ಪ್ರತಿಯೊಂದು ಊರಿನಲ್ಲಿಯೂ ಉಪಾಧ್ಯಾಯರಿರಬೇಕು, ಆರು ಅಥವಾ ಏಳು ವರ್ಷಕ್ಕೆ ಮಗುವನ್ನು ಶಾಲೆಗೆ ಸೇರಿಸಬೇಕು ಎಂದು ಕಟ್ಟಳೆ ಮಾಡಿದನಂತೆ. ಒಬ್ಬ ಉಪಾಧ್ಯಾಯನಿಗೆ ೨೫ ಮಕ್ಕಳು; ೫೦ ಮಕ್ಕಳಾದರೆ ಇಬ್ಬರು ಉಪಾಧ್ಯಾಯರು; ೪೦ ಆದರೆ ಒಬ್ಬ ಸಹಾಯಕನು ಎಂಬ ಎಣಿಕೆಯೂ ಅಲ್ಲಿಯೇ ಇದೆ.

ಇದಕ್ಕಿಂತಲೂ ಸ್ವಾರಸ್ಯವಾದುದು ಅದೇ ಪ್ರಕರಣದಲ್ಲಿ ಬರುವ ಒಂದು ವಾದ. ಬೇಗ ಬೇಗ ಹೆಚ್ಚು ಪಾಠ ಹೇಳಿ ತಪ್ಪುಗಳನ್ನು ಗಮನಿಸದವನು ಒಬ್ಬ. ನಿಧಾನವಾಗಿ ಹೇಳಿ ತಪ್ಪಿಗೆ ಎಡೆಗೊಡದವನು ಇನ್ನೊಬ್ಬ. ಇವರಲ್ಲಿ ಯಾರನ್ನು ನೇಮಿಸಬೇಕು? ರಾವ ಎಂಬ ಪಂಡಿತನು, ತಪ್ಪು ಕಾಲಕ್ರಮದಲ್ಲಿ ತಾನಾಗಿಯೇ ಹೋಗುವುದು, ಆದುದರಿಂದ ಮೊದಲನೆಯವನೇ ಸರಿ ಎಂದನು. ನೆಹರ್ದೆಯ ಊರಿನ ರಾವ್ ದಿಮಿ ಎಂಬುವನು, ಒಮ್ಮೆ ಹೊಕ್ಕ ತಪ್ಪು ಹೊರಡುವುದಿಲ್ಲ, ಆದುದರಿಂದ ಎರಡನೆಯವನೇ ಸರಿ ಎಂದನು. ಮತ್ತು ಒಂದು ಕಥೆಯನ್ನು ದೃಷ್ಟಾಂತವಾಗಿ ಹೇಳಿದನು. ದಾವೀದರಾಜನ ಸೇನಾಪತಿಯಾದ ಯೋವಾಬನು ಯುದ್ಧದಲ್ಲಿ ಶತ್ರುಗಳ ಗಂಡಸರನ್ನು ಮಾತ್ರ ಕೊಂದು ಹಿಂದಿರುಗಿದನು. ಹೀಗೇಕೆ ಮಾಡಿದೆಯೆಂದು ಅರಸನು ಕೇಳಲು, ಧರ್ಮಗ್ರಂಥದಲ್ಲಿ ಹಾಗೆಯೇ ಇದೆಯೆಂದನು. ವಿಚಾರಿಸಿದಾಗ ತಿಳಿದುದೇನೆಂದರೆ, ಹೀಬ್ರೂ ಬರೆಹದಲ್ಲಿ ಸ್ವರಗಳನ್ನು ಬರೆಯುವ ಪದ್ಧತಿಯಿಲ್ಲದ ಕಾರಣ, ಒಂದೇ ವ್ಯಂಜನಗಳ ಪದವನ್ನು ‘ಸ್ಮರಣೆ’ ಎಂದು ಓದುವುದರ ಬದಲು ‘ಪುರುಷ’ ಎಂದು ಅವನ ಬಾಲ್ಯದ ಉಪಾಧ್ಯಾಯನು ಓದಿಸಿಬಿಟ್ಟಿದ್ದನು! ಇಂದ್ರಶತ್ರು ಎಂಬ ಪದದ ಸ್ವರವು ತಪ್ಪಿದುದರಿಂದ ವೃತ್ರನಿಗೊದಗಿದ ಗತಿಯನ್ನು ಕೇಳಿಬಲ್ಲ ವಾಚಕರಿಗೆ ಈ ಕಥೆಯ ಮರ್ಮವನ್ನು ವಿವರಿಸಬೇಕಾದುದಿಲ್ಲ. ಸ್ವರದೋಷದ ಭಯವು ಎರಡು ದೇಶದ ಪಂಡಿತರಲ್ಲಿಯೂ ಒಂದೇ ಬಗೆಯಾಗಿ ಇದ್ದಿತು.

ವೇತನದ ವಿಷಯದಲ್ಲಿಯೂ ಇಂತಹ ಸಾಮ್ಯವುಂಟು. ಸಂಬಳಕ್ಕೆ ಪಾಠ ಹೇಳುವ ಭೃತಕಾಧ್ಯಾಪಕನನ್ನು ಮನುಸ್ಮೃತಿಯು ಶ್ರಾದ್ಧಕ್ಕೆ ಅನರ್ಹರಾದವರ ಸಾಲಿನಲ್ಲಿ ಸೇರಿಸಿದೆಯಷ್ಟೆ. ಯೆಹೂದ್ಯ ಶಾಸ್ತ್ರಕಾರರಿಗೂ ದೈವದತ್ತವಾದ ವಿದ್ಯೆಯನ್ನು ಮಾರುವುದು ಸಮ್ಮತವಾಗಿರಲಿಲ್ಲ. ಆದರೆ ಉಪಾಧ್ಯಾಯನೂ ಉಣ್ಣಬೇಕಲ್ಲವೆ? ಆದುದರಿಂದ, ಅವನು ತೆಗೆದುಕೊಳ್ಳುವುದು ಪಾಠದ ಬೆಲೆಯಲ್ಲ, ಮಕ್ಕಳನ್ನು ಕಾಯ್ದುದರ ಕೂಲಿ ಎಂದು ಒಬ್ಬನು ಸಮಾಧಾನ ಹೇಳಿದನು. ಸ್ವರಕ್ರಮವನ್ನು ಕಲಿಸಿದುದರ ಕೂಲಿ ಎಂದು ಮತ್ತೊಬ್ಬನು ಹೇಳಿದನು. ಸಮಾಧಾನವು ಯುಕ್ತಿಯುಕ್ತವಾದುದೇ, ಆದರೆ ಅದರಿಂದ ಒಂದು ಹಾನಿಯೂ ಆಯಿತು. ವಿದ್ಯೆಯು ಪರಮಪವಿತ್ರವೆನಿಸಿಕೊಂಡಿತು, ವಿದ್ವಾಂಸನು ಪೂಜ್ಯನೆನಿಸಿಕೊಂಡನು, ಮಕ್ಕಳಿಗೆ ಅಕ್ಷರ ಕಲಿಸುವ ‘ಮೆಲಮೆದ್’ ಮಾತ್ರ ಬಡವನಾಗಿಯೂ ಅಲಕ್ಷ್ಯಕ್ಕೆ ಗುರಿಯಾಗಿಯೂ ಉಳಿದನು. ಪೂರ್ವ ಯೂರೋಪಿನ ಊರುಗಳಲ್ಲಿ ಬೇರೆ ಯಾವ ಕಸಬೂ ಕೈಹಿಡಿಯದವನು ಈ ಕಸಬಿಗೆ ಬರುವನೆಂಬ ಮಾತು ಲೋಕಾಭಿರಾಮವಾಗಿ ನಡೆಯುತ್ತಿತ್ತು. ಈ ಅಲಕ್ಷ್ಯವು ಹಡಗನ್ನೇರಿ ಅಮೆರಿಕಾಕ್ಕೂ ಹೋಯಿತು.

೩

ಅಮೆರಿಕಾದಲ್ಲಿ ಹೊಸ ಪರಿಸ್ಥಿತಿಯೊಂದು ಇವರಿಗೆ ಎದುರಾಯಿತು. ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ೧೮೩೪ನೆಯ ಇಸವಿಯ ಕಾಯಿದೆಯಿಂದ ಸಾರ್ವಜನಿಕ ಶಾಲೆಗಳು ಏರ್ಪಟ್ಟುವು. ಮಕ್ಕಳೆಲ್ಲರೂ ವಾರದ ದಿನಗಳಲ್ಲಿ ಅಲ್ಲಿಗೆ ಹೋಗತೊಡಗಿದರು. ಆ ಶಾಲೆಗಳಲ್ಲಿ ಯೆಹೂದ್ಯ ಧರ್ಮಕ್ಕೆ ಎಡೆಯಿರಲಿಲ್ಲ. ಅಲ್ಲಿದ್ದ ಧಾರ್ಮಿಕ ವಾಸನೆಯಾದರೋ ಕ್ರೈಸ್ತರದು. ಇದಲ್ಲದೆ ಇಂಗ್ಲೆಂಡಿನ ಗ್ಲೌಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸನು ೧೭೮೦ರಲ್ಲಿ ಆರಂಭಿಸಿದ ಸಂಡೆ ಸ್ಕೂಲುಗಳ ಪದ್ಧತಿಯು ಅಮೆರಿಕಾದಲ್ಲಿ ಬಲವಾಗಿ ಬೇರೂರಿತ್ತು. ಅವುಗಳ ಒಕ್ಕೂಟವು ೧೮೨೪ರಲ್ಲಿ ಫಿಲಡೆಲ್ಫಿಯ ನಗರದಲ್ಲಿಯೇ ಸ್ಥಾಪಿತವಾಗಿತ್ತು. ಬಡ ಯೆಹೂದ್ಯರ ಮಕ್ಕಳು ಮತಾಂತರದ ಬೋಧಕರ ಕೈಗೆ ಸಿಕ್ಕುವರೆಂಬ ಆತಂಕವು ಆ ಜನರಲ್ಲಿ ಇದ್ದಿತು.

ಆ ನಗರದಲ್ಲಿ ರೆಬೆಕಾ ಗ್ರಾಟ್ಸ್ ಎಂಬ ಮಹಿಳೆಯಿದ್ದಳು. ಈಕೆ ೧೭೮೧ರ ಮಾರ್ಚಿ ೪ರಂದು ಶ್ರೀಮಂತ ವರ್ತಕರ ಮನೆತನದಲ್ಲಿ ಹುಟ್ಟಿದವಳು. ಅವಿವಾಹಿತಳಾಗಿಯೇ ಉಳಿದು, ೧೮೨೩ರಲ್ಲಿ ತೀರಿಕೊಂಡ ಸೋದರಿಯ ಮಕ್ಕಳನ್ನು ಸಾಕಿದವಳು. ೧೮೧೯ರಲ್ಲಿ ಯೆಹೂದ್ಯ ಸ್ತ್ರೀಯರ ಧರ್ಮಸಂಘವೊಂದನ್ನು ಸ್ಥಾಪಿಸಿದವರಲ್ಲಿ ಮುಖ್ಯಳು. ಸರ್ ವಾಲ್ಟರ್ ಸ್ಕಾಟನ ‘ಐವನ್‌ಹೋ’ ಕಾದಂಬರಿಯ ರೆಬೆಕಾ ಎಂಬ ಪಾತ್ರಕ್ಕೆ ಈಕೆಯೇ ಮಾದರಿಯೆಂಬ ಐತಿಹ್ಯವು ಪ್ರಸಿದ್ಧವಾಗಿದೆ. ಅದಕ್ಕೆ ಗಟ್ಟಿಯಾದ ಪ್ರಮಾಣವಿಲ್ಲ. ಆದರೆ ಈಕೆಯ ಕೀರ್ತಿಗೆ ಆ ಐತಿಹ್ಯದ ಆಸರೆಯು ಬೇಕಾಗಿಯೂ ಇಲ್ಲ. ೧೮೩೮ರ ಮಾರ್ಚಿ ೪ರಂದು, ತನ್ನ ಐವತ್ತೇಳನೆಯ ಹುಟ್ಟಿದ ದಿನದಂದು, ಈಕೆ ಫಿಲಡೆಲ್ಫಿಯದಲ್ಲಿ ಹೀಬ್ರೂ ಸಂಡೆ ಸ್ಕೂಲನ್ನು ತೆರೆದಳು. ಆರು ಮಂದಿ ಉಪಾಧ್ಯಾಯಿನಿಯರು. ಸುಮಾರು ಐವತ್ತು ಅರವತ್ತು ಮಕ್ಕಳು. ಬಾಲಕರೂ ಬಾಲಿಕೆಯರೂ ಒಟ್ಟಿಗೆ ಕುಳಿತು ಕಲಿತರು, ಶುಲ್ಕವಿರಲಿಲ್ಲ, ಉಪಾಧ್ಯಾಯಿನಿಯರಿಗೆ ವೇತನವೂ ಇರಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ.

ಈ ಸಂಗತಿಯ ಗೌರವವನ್ನು ಚೆನ್ನಾಗಿ ಭಾವಿಸಿಕೊಳ್ಳಬೇಕು. ಅದುವರೆಗೆ ಯೆಹೂದ್ಯರಲ್ಲಿ ಧರ್ಮಬೋಧನೆಯು ಗಂಡಸರ ಕೆಲಸವಾಗಿತ್ತು. ಹೆಣ್ಣುಮಕ್ಕಳಿಗೆ ಹೀಬ್ರೂ ವಿದ್ಯೆಯು ದೊರೆಯುತ್ತಿದ್ದುದು ಅಪೂರ್ವ. ಅಂತಹ ಹೆಣ್ಣುಮಕ್ಕಳೇ ಈಗ ಬಹಿರಂಗವಾಗಿ ಬೆಂಚುಗಳ ಮುಂದೆ ನಿಂತು ಧರ್ಮವನ್ನು ಬೋಧಿಸತೊಡಗಿದರು. ಅವರಲ್ಲಿ ಶ್ರದ್ಧೆಯು ಹೇರಳವಾಗಿತ್ತು. ಗ್ರಂಥಪಾಂಡಿತ್ಯವೂ ಬೋಧನವಿಧಾನದ ಪರಿಚಯವೂ ಇರಲಿಲ್ಲ. ಪುಸ್ತಕಗಳಂತೂ ಇರಲೇ ಇಲ್ಲ. ಮೊದಮೊದಲು ಕ್ರೈಸ್ತರ ಸಂಡೆ ಸ್ಕೂಲು ಒಕ್ಕೂಟದವರು ಅಚ್ಚುಮಾಡಿಸಿದ್ದ ಬೈಬಲಿನ ಪಾಠಪುಸ್ತಕವನ್ನೇ ಉಪಯೋಗಿಸಬೇಕಾಯಿತು. ಯೆಹೂದ್ಯರ ಮಕ್ಕಳಿಗೆ ಸಲ್ಲದ ಪ್ರಶ್ನೋತ್ತರಗಳು ಬಂದ ಕಡೆಗಳಲ್ಲಿ ಕಾಗದದ ಚೂರುಗಳನ್ನು ಅಂಟಿಸಿ ಮರೆಮಾಡುತ್ತಿದ್ದರು. ಪರರ ಪುಸ್ತಕದ ಮೇಲೆ ಅಂಟು ಹಚ್ಚುತ್ತ ಕುಳಿತ ಆ ಯುವತಿಯರ ಕೆಲಸವೇ ಅಮೆರಿಕಾದ ಯೆಹೂದ್ಯ ಉಪಾಧ್ಯಾಯರ ಶಿಕ್ಷಣದ ಮೊದಲನೆಯ ಪಾಠವೆನ್ನಬಹುದು. ಏಕೆಂದರೆ ಯಾವುದನ್ನು ಇಡಬೇಕು, ಯಾವುದನ್ನು ಮುಚ್ಚಬೇಕು ಎಂದು ವಿವೇಚಿಸುವವನು ಪಾಠದ ತಿರುಳನ್ನು ತಾನು ಮೊದಲು ತಿಳಿಯಬೇಕಾಗುತ್ತದೆ.

ಈ ಕೊರತೆಯನ್ನು ಬೇಗನೆ ನೀಗಿಸಿಕೊಂಡರು. ಮಿಕ್ವೆ ಇಸ್ರೇಲ್ ಎಂಬ ದೇವಾಲಯದ ಪ್ರಾರ್ಥನಾಧಿಕಾರಿಯಾಗಿದ್ದ ಐಸಾಕ್ ಲೀಸರನು ೧೮೩೯ರಲ್ಲಿ ಚಿಕ್ಕ ಮಕ್ಕಳಿಗಾಗಿ ಪ್ರಶ್ನೋತ್ತರರೂಪದ ಪುಸ್ತಕವೊಂದನ್ನು ಬರೆದನು. ಉಪಾಧ್ಯಾಯಿನಿಯಾಗಿದ್ದ ಸಿಮ್ಹಾ ಪೆಯಿಷೋಟೊ ಎಂಬಾಕೆಯೇ ಧರ್ಮಗ್ರಂಥದ ಬಾಲಪ್ರವೇಶಿಕೆಯೊಂದನ್ನು ರಚಿಸಿದಳು. ಪಾಠಕ್ರಮವು ಸರಳವಾಗಿತ್ತು. ಮೇಲ್ವಿಚಾರಕಿಯಾದ ರೆಬೆಕಾ ತಾನೇ ರಚಿಸಿದ ಪ್ರಾರ್ಥನೆಯನ್ನು ಹೇಳಿಕೊಡುವಳು, ಮಕ್ಕಳು ಒಕ್ಕೊರಲಿನಿಂದ ಅನುವದಿಸುವರು. ಬಳಿಕ ತರಗತಿ ತರಗತಿಯಾಗಿ ಕಂಠಪಾಠ. ವರ್ಷಕ್ಕೊಮ್ಮೆ ಬಹಿರಂಗ ಪರೀಕ್ಷೆ ನಡೆದು, ಚೆನ್ನಾಗಿ ಒಪ್ಪಿಸಿದವರಿಗೆ ಬಹುಮಾನವೂ ಪ್ರತಿಯೊಂದು ಮಗುವಿಗೂ ಒಂದು ಕಿತ್ತಳೆಯ ಹಣ್ಣೂ ದೊರೆಯುತ್ತಿದ್ದುವು. ಅಲ್ಲಿಯೇ ಕಲಿತು ಬೆಳೆದ ಹುಡುಗಿಯರು ಅಲ್ಲಿಯೇ ಉಪಾಧ್ಯಾಯಿನಿಯರಾದರು. ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಚಿಂತೆ ಹೇಳಿಸಿ ತಾನೂ ಗಟ್ಟಿಯಾಗುವ ಪಾಠಶಾಲೆಯ ಕ್ರಮವನ್ನು ಬಲ್ಲವರಿಗೆ ಇದರ ಗುಣವೂ ದೋಷವೂ ವಿದಿತವೇ. ಗುಣವೇನೆಂದರೆ, ಪರಂಪರೆಯು ಕಡಿಯುವುದಿಲ್ಲ. ದೋಷವೇನೆಂದರೆ, ಗುರುವಿಗೆ ತಿಳಿಯದೆ ಇದ್ದುದು ಶಿಷ್ಯನಿಗೂ ತಿಳಿಯದೆಯೇ ಉಳಿಯುತ್ತದೆ. ರೆಬೆಕಾ ೧೮೬೪ರ ವರೆಗೆ, ಎಂಬತ್ತು ದಾಟಿದ ಮೇಲೂ, ಈ ಶಾಲೆಯ ಮೇಲ್ವಿಚಾರಣೆಯನ್ನು ನಡೆಯಿಸಿ ೧೮೬೯ರಲ್ಲಿ ಕಾಲವಾದಳು. ಚಾರ್ಲ್ಸ್‌ಟನ್ ಮೊದಲಾದ ಪಟ್ಟಣಗಳ ಯೆಹೂದ್ಯ ಸ್ತ್ರೀಯರು ಆಗಲೇ ಇದೇ ಮಾದರಿಯ ಶಾಲೆಗಳನ್ನು ತೆರೆದಿದ್ದರು.

೪

ಶ್ರದ್ಧೆಯಿಂದ ಮಾತ್ರ ಪಾಠವು ಸಾಗುವುದಿಲ್ಲವೆಂಬ ಅರಿವು ಮೆಲ್ಲಮೆಲ್ಲನೆ ಬಂದಿತು. ಲೀಸರನು ೧೮೬೭ರಲ್ಲಿ ಫಿಲಡೆಲ್ಫಿಯದಲ್ಲಿ ಮೈಮೋನಿಡೀಸ್ ಕಾಲೇಜೆಂಬ ಉನ್ನತ ವಿದ್ಯಾಲಯವನ್ನು ಸ್ಥಾಪಿಸಿದನು. ಅದು ೧೮೭೩ರಲ್ಲಿ ಮುಚ್ಚಿಹೋಯಿತು. ರಬ್ಬಿಗಳಿಗೆ, ಎಂದರೆ ಧರ್ಮಾಚಾರ್ಯರಿಗೆ, ಶಿಕ್ಷಣವೀಯಲು ೧೮೭೫ರಲ್ಲಿ ಸಿನ್ಸಿನಾಟಿಯ ಹೀಬ್ರೂ ಯೂನಿಯನ್ ಕಾಲೇಜು ಹುಟ್ಟಿತು. ಆದರೆ ಮಕ್ಕಳ ಉಪಾಧ್ಯಾಯರಿಗಾಗಿ ಯಾವ ವಿದ್ಯಾಲಯವೂ ಇರಲಿಲ್ಲ. ಅದು ದೊರೆತುದು ಗ್ರಾಟ್ಸ್ ಮನೆತನದಿಂದಲೇ. ರೆಬೆಕಾಳ ಸೋದರನಾದ ಹೈಮನ್ ಗ್ರಾಟ್ಸನು ತಾನು ತೀರಿಕೊಳ್ಳುವುದಕ್ಕೆ ಮುಂಚೆ, ೧೮೫೬ರಲ್ಲಿ, ತನ್ನ ಧನದ ವಿಷಯದಲ್ಲಿ ನಿಕ್ಷೇಪಪತ್ರವೊಂದನ್ನು ಬರೆದಿಟ್ಟಿದ್ದನು. ಉತ್ತರಾಧಿಕಾರಿಗಳ ಸರದಿ ಕಳೆದ ಮೇಲೆ, ೧೮೯೩ರಲ್ಲಿ, ಆ ಧನವು ಯೆಹೂದ್ಯ ವಿದ್ಯೆಯ ಕಾಲೇಜಿಗೆಂದು ಮಿಕ್ವೆ ಇಸ್ರೇಲ್ ದೇವಾಲಯದ ಕೈಸೇರಿತು. ೧೮೯೫ರಲ್ಲಿ ಗ್ರಾಟ್ಸ್ ಕಾಲೇಜು ಸ್ಥಾಪಿತವಾಗಿ ಯೆಹೂದ್ಯ ಉಪಾಧ್ಯಾಯರನ್ನು ತಯಾರುಮಾಡುವ ಕೆಲಸವನ್ನು ಕೈಕೊಂಡಿತು. ಆ ದೇಶದಲ್ಲಿ ಆ ಬಗೆಯ ಕಾಲೇಜು ಅದೇ ಮೊದಲನೆಯದು. ಸೋದರಿಯು ವೇತನವಿಲ್ಲದ ಉಪಾಧ್ಯಾಯಿನಿಯರ ಶಾಲೆಯನ್ನು ಕಟ್ಟಿದಳು. ಸೋದರನ ಹಣವು ಎರಡು ತಲೆಮಾರು ಕಳೆದ ಮೇಲೆ ಆ ಉಪಾಧ್ಯಾಯಿನಿಯರಿಗೆ ವಿದ್ಯೆಯನ್ನು ಒದಗಿಸಿತು.

ಪಟ್ಟಣಗಳಿಂದ ದೂರವಾಗಿದ್ದವರ ಗತಿಯೇನು? ಇದಕ್ಕೆ ಉತ್ತರವಾಗಿ ೧೮೯೩ರಲ್ಲಿ ಹೆನ್ರಿ ಬರ್ಕೊವಿಟ್ಸ್ ಎಂಬ ರಬ್ಬಿಯು ಜ್ಯೂಯಿಷ್ ಷಟಾಕ್ವ ಸೊಸೈಟಿಯನ್ನು ಸ್ಥಾಪಿಸಿದನು. ಈ ಸಂಘವು ಬೇಸಗೆಯಲ್ಲಿ ಸಮುದ್ರತೀರದ ಅಟ್ಲಾಂಟಿಕ್ ಸಿಟಿಯಲ್ಲಿ ಸಮಾವೇಶಗಳನ್ನು ನಡೆಸಿತು. ಧರ್ಮಶಾಲೆಗಳ ಉಪಾಧ್ಯಾಯರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸಿತು. ಚಿಕ್ಕ ಊರೊಂದರ ಅಂಗಡಿಯವನ ಮಗಳು ರಾತ್ರಿಯ ಹೊತ್ತಿನಲ್ಲಿ ಅಂಚೆಯ ಪಾಠವನ್ನೋದಿ ಭಾನುವಾರ ಬೆಳಗ್ಗೆ ಅದನ್ನೇ ಹತ್ತು ಮಕ್ಕಳಿಗೆ ಹೇಳುವ ಸಾಧ್ಯತೆಯು ಹೀಗೆ ಒದಗಿತು. ಅಲ್ಪಕಾಲದ ಉಪಾಧ್ಯಾಯನಿಗೆ ಕಾಲೇಜಿಗೆ ಬರಲು ಬಿಡುವಿಲ್ಲದಿದ್ದರೆ ಕಾಲೇಜೇ ಅವನ ಮನೆಗೆ ಹೋಗಬೇಕೆಂಬ ತತ್ತ್ವವನ್ನು ಮೊದಲು ಆಚರಣೆಗೆ ತಂದವರಲ್ಲಿ ಇವರೂ ಸೇರಿದ್ದಾರೆ.

೫

ಇಷ್ಟರೊಳಗೆ ಕಾಲವು ಬದಲಾಯಿತು. ೧೮೮೧ರಿಂದ ೧೯೨೪ರ ವರೆಗೆ ಪೂರ್ವ ಯೂರೋಪಿನಿಂದ ಸುಮಾರು ಇಪ್ಪತ್ತು ಲಕ್ಷ ಯೆಹೂದ್ಯರು ಅಮೆರಿಕಾಕ್ಕೆ ವಲಸೆ ಬಂದರು. ನ್ಯೂಯಾರ್ಕ್ ನಗರದ ಇಕ್ಕಟ್ಟಾದ ಕೇರಿಗಳಲ್ಲಿ ಮಕ್ಕಳು ಗುಂಪುಗುಂಪಾಗಿ ಬೆಳೆದರು. ಸಂಜೆಯ ಹೊತ್ತು ಕತ್ತಲೆಕೋಣೆಗಳಲ್ಲಿ ಮೆಲಮೆದರು ಹಳೆಯ ಕ್ರಮದಲ್ಲಿಯೇ ಅಕ್ಷರ ಹೇಳುತ್ತಿದ್ದರು. ಸಾರ್ವಜನಿಕ ಶಾಲೆಯಲ್ಲಿ ಬೆಳಕಿನ ಕೊಠಡಿಯನ್ನೂ ಭೂಪಟವನ್ನೂ ಸಮಾಧಾನದ ಉಪಾಧ್ಯಾಯಿನಿಯನ್ನೂ ಕಂಡು ಬಂದ ಮಗುವಿಗೆ ಈ ಕೋಣೆಯು ಹೇಗೆ ತೋರುತ್ತಿತ್ತೆಂಬುದನ್ನು ಊಹಿಸಬಹುದು. ೧೯೦೯ರಲ್ಲಿ ಮಾರ್ಡಕಾಯ್ ಕಪ್ಲಾನ್, ಬರ್ನಾರ್ಡ್ ಕ್ರಾನ್‌ಸನ್ ಎಂಬಿಬ್ಬರು ನಗರದ ಯೆಹೂದ್ಯ ವಿದ್ಯಾಭ್ಯಾಸದ ಸ್ಥಿತಿಯನ್ನು ಪರಿಶೀಲಿಸಿದರು. ಯೆಹೂದ್ಯ ಮಕ್ಕಳಲ್ಲಿ ಮುಕ್ಕಾಲು ಪಾಲಿನವರಿಗೆ ಆ ಹೊತ್ತಿಗೆ ಯಾವ ಧರ್ಮಶಿಕ್ಷಣವೂ ದೊರೆಯುತ್ತಿರಲಿಲ್ಲವೆಂಬುದು ಅವರ ಅಂದಾಜು.

ಇದರ ಫಲವಾಗಿ ಎರಡು ಏರ್ಪಾಡುಗಳಾದುವು. ಮೊದಲನೆಯದು, ಅದೇ ೧೯೦೯ರಲ್ಲಿ ನ್ಯೂಯಾರ್ಕಿನ ಜ್ಯೂಯಿಷ್ ಥಿಯಲಾಜಿಕಲ್ ಸೆಮಿನರಿಯು ಉಪಾಧ್ಯಾಯರ ಶಿಕ್ಷಣಾಲಯವನ್ನು ತೆರೆದು, ಆಗ ಇಪ್ಪತ್ತೆಂಟು ವಯಸ್ಸಿನವನಾಗಿದ್ದ ಕಪ್ಲಾನನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಸಿನ್ಸಿನಾಟಿಯ ಕಾಲೇಜಿನಲ್ಲಿಯೂ ಆ ವರ್ಷವೇ ಇಂತಹ ಶಾಖೆಯೊಂದು ಹುಟ್ಟಿತು. ಎರಡಕ್ಕೂ ದ್ರವ್ಯವನ್ನು ಕೊಟ್ಟವನು ಜೇಕಬ್ ಷಿಫ್ ಎಂಬ ಪ್ರಸಿದ್ಧ ಲೇವಾದೇವಿಗಾರ. ರಬ್ಬಿಯ ಪದವಿಗೆ ಹೆಂಗಸರಿಗೆ ಪ್ರವೇಶವಿಲ್ಲದಿದ್ದ ಆ ಕಾಲದಲ್ಲಿ ಉಪಾಧ್ಯಾಯರ ಶಿಕ್ಷಣಾಲಯದ ಬಾಗಿಲು ಅವರಿಗೆ ತೆರೆದಿತ್ತು. ಹೀಬ್ರೂ, ಧರ್ಮಗ್ರಂಥ, ಚರಿತ್ರೆ, ಬೋಧನಶಾಸ್ತ್ರ ಇವುಗಳನ್ನು ಗಂಡಸರ ಸಮಕ್ಕೆ ಕುಳಿತು ಕಲಿಯುವ ಅವಕಾಶವು ಅನೇಕ ಯುವತಿಯರಿಗೆ ಇಲ್ಲಿಯೇ ದೊರೆಯಿತು.

ಎರಡನೆಯದು, ಕೆಹಿಲ್ಲಾ ಎಂಬ ಹೆಸರಿನ ನಗರದ ಯೆಹೂದ್ಯ ಸಮುದಾಯಸಂಘವು ೧೯೧೦ರಲ್ಲಿ ವಿದ್ಯಾಭ್ಯಾಸದ ಕಚೇರಿಯೊಂದನ್ನು ಸ್ಥಾಪಿಸಿತು. ಇದರ ಅಧ್ಯಕ್ಷನಾಗಿ ಬಂದವನು ಸ್ಯಾಮ್ಸನ್ ಬೆಂಡರ್ಲಿ. ಈತನು ೧೮೭೬ರಲ್ಲಿ ಪ್ಯಾಲೆಸ್ಟೈನಿನ ಸಫೇದ್ ಪಟ್ಟಣದಲ್ಲಿ ಹುಟ್ಟಿ, ಅಮೆರಿಕಾದ ಬಾಲ್ಟಿಮೋರಿಗೆ ಬಂದು ವೈದ್ಯಶಾಸ್ತ್ರವನ್ನು ಓದಿ, ವೈದ್ಯವೃತ್ತಿಯನ್ನು ಬಿಟ್ಟು ಮಕ್ಕಳ ಶಾಲೆಗೆ ಸೇರಿದವನು. ವಿದ್ಯಾಭ್ಯಾಸವನ್ನು ಈತನು ನೋಡಿದುದೂ ವೈದ್ಯನ ದೃಷ್ಟಿಯಿಂದಲೇ. ವೈದ್ಯನಾಗುವವನು ಗ್ರಂಥವನ್ನೋದಿ, ಬಳಿಕ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರಿಗೆ ರೋಗಿಯನ್ನು ಮುಟ್ಟಿ ನೋಡಿ ಕಲಿಯುತ್ತಾನೆ. ಉಪಾಧ್ಯಾಯನಾಗುವವನಿಗೂ ಅಂತಹ ಏರ್ಪಾಡು ಬೇಡವೆ? ಬೆಂಡರ್ಲಿಯು ಮಾದರಿ ಶಾಲೆಗಳನ್ನು ನಿರ್ಮಿಸಿದನು. ಕಾಲೇಜಿನ ಚುರುಕಾದ ಯುವಕರನ್ನು ಆರಿಸಿ ತಂದನು. ಅವರು ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಜಾನ್ ಡೂಯಿ ಮೊದಲಾದವರ ತತ್ತ್ವವನ್ನು ಕಲಿಯುವುದು, ಸೆಮಿನರಿಯಲ್ಲಿ ಯೆಹೂದ್ಯ ಶಾಸ್ತ್ರವನ್ನು ಓದುವುದು, ಅಪರಾಹ್ನದಲ್ಲಿ ಮಕ್ಕಳಿಗೆ ಪಾಠ ಹೇಳುವುದು, ಹೇಳಿದ ಪಾಠವನ್ನು ಕುರಿತು ಪರಸ್ಪರ ಚರ್ಚಿಸುವುದು. ಹೀಬ್ರೂವನ್ನು ಇಂಗ್ಲಿಷಿನ ಭಾಷಾಂತರದಿಂದಲ್ಲದೆ ಹೀಬ್ರೂವಿನಿಂದಲೇ ಕಲಿಸಬೇಕೆಂಬ ಕ್ರಮವನ್ನು ಈತನು ಬಲವಾಗಿ ಪ್ರಚುರಪಡಿಸಿದನು. ಸಂಸ್ಕೃತವನ್ನು ಸಂಸ್ಕೃತದಿಂದಲೇ ಬೋಧಿಸಬೇಕೆನ್ನುವವರಿಗೂ ಭಾಷಾಂತರದಿಂದ ಬೋಧಿಸಬೇಕೆನ್ನುವವರಿಗೂ ಇಲ್ಲಿ ನಡೆದಿರುವ ವಾದವನ್ನು ಇದು ನೆನಪಿಗೆ ತರುತ್ತದೆ. ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಬಾಲಿಕೆಯರಿಗಾಗಿ ಈತನು ಪ್ರತ್ಯೇಕ ಶಾಲೆಗಳನ್ನು ತೆರೆದನು. ಮುಂದಿನ ಉಪಾಧ್ಯಾಯಿನಿಯರೂ ಮುಂದಿನ ತಾಯಂದಿರೂ ಅವರೇ ಅಲ್ಲವೆ?

ಬೆಂಡರ್ಲಿಯ ಶಿಷ್ಯರು ನಿಜವಾಗಿಯೂ ಸಮರ್ಥರಾದರು. ಅಲೆಕ್ಸಾಂಡರ್ ಡುಷ್ಕಿನನು ೧೯೧೮ರಲ್ಲಿ ನ್ಯೂಯಾರ್ಕಿನ ಯೆಹೂದ್ಯ ವಿದ್ಯಾಭ್ಯಾಸವನ್ನು ಕುರಿತು ಬರೆದ ಗ್ರಂಥವು ಆ ವಿಷಯದಲ್ಲಿ ಪ್ರಮಾಣಗ್ರಂಥವಾಯಿತು. ಐಸಾಕ್ ಬರ್ಕ್‌ಸನ್, ಲಿಯೊ ಹಾನರ್, ಇಮಾನ್ಯುಯೆಲ್ ಗಮೋರಾನ್ ಮುಂತಾದವರು ಊರೂರುಗಳಿಗೆ ಹೋಗಿ ವಿದ್ಯಾಭ್ಯಾಸದ ಕಚೇರಿಗಳನ್ನೂ ಕಾಲೇಜುಗಳನ್ನೂ ಬೆಳೆಸಿದರು. ಆದರೆ ಇಲ್ಲಿ ಒಂದು ವೈಪರೀತ್ಯವುಂಟಾಯಿತು. ತರಗತಿಯಲ್ಲಿ ಪಾಠ ಹೇಳಲೆಂದು ತಯಾರಾದ ಉತ್ತಮರು ತರಗತಿಯನ್ನು ಬಿಟ್ಟು ಅಧಿಕಾರಿಗಳಾದರು. ಮಕ್ಕಳ ಮುಂದೆ ಉಳಿದವರು ಬಹುಮಟ್ಟಿಗೆ ಅಷ್ಟು ಶಿಕ್ಷಣವನ್ನು ಪಡೆಯದವರು; ಅವರಲ್ಲಿ ಹೆಚ್ಚು ಮಂದಿ ಹೆಂಗಸರು. ಕಲಿಸುವ ವಿದ್ಯೆಯು ಹೆಚ್ಚಾದಷ್ಟೂ ಕಲಿಸುವ ಕೊಠಡಿಯಿಂದ ದೂರವಾಗುವುದು ಲೋಕದ ಎಲ್ಲ ವಿದ್ಯಾ ಇಲಾಖೆಗಳಲ್ಲಿಯೂ ಕಂಡುಬರುವ ಸಂಗತಿ. ಇಲ್ಲಿ ಅದರ ನಷ್ಟವು ಇಮ್ಮಡಿಯಾಯಿತು. ಏಕೆಂದರೆ ವಾರಕ್ಕೆ ಎರಡು ಗಂಟೆಯ ಶಾಲೆಯಲ್ಲಿ ಉಪಾಧ್ಯಾಯನೇ ಸರ್ವಸ್ವ. ಅವನ ಹಿಂದೆ ಬೇರೆ ಯಾವ ಆಸರೆಯೂ ಇರುವುದಿಲ್ಲ. ಕೆಹಿಲ್ಲಾ ಸಂಘವು ೧೯೨೨ರಲ್ಲಿ ಕೊನೆಗೊಂಡಿತು. ಬೆಂಡರ್ಲಿಯು ೧೯೪೪ರಲ್ಲಿ ಕಾಲವಾದನು.

೬

ಗಮೋರಾನನು ಹಿಡಿದ ಮಾರ್ಗವು ಬೇರೆಯದು. ಬೆಸರಾಬಿಯದಲ್ಲಿ ೧೮೯೫ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಾಕ್ಕೆ ಬಂದ ಈತನು ೧೯೨೩ರಲ್ಲಿ ಸಿನ್ಸಿನಾಟಿಯಲ್ಲಿ ಸುಧಾರಣಾಪಂಥದ ಯೆಹೂದ್ಯ ದೇವಾಲಯಗಳ ವಿದ್ಯಾಭ್ಯಾಸದ ನಿರ್ದೇಶಕನಾಗಿ ೧೯೫೮ರ ವರೆಗೆ ಆ ಕೆಲಸದಲ್ಲಿದ್ದನು. ಭಾನುವಾರದ ಉಪಾಧ್ಯಾಯರನ್ನೆಲ್ಲ ಕಾಲೇಜಿಗೆ ಕಳುಹಿಸುವುದು ಆಗದ ಮಾತೆಂಬುದನ್ನು ಈತನು ಅರಿತನು. ಆದುದರಿಂದ ಪುಸ್ತಕದ ಮೂಲಕವೇ ಉಪಾಧ್ಯಾಯನಿಗೆ ಶಿಕ್ಷಣವನ್ನು ಕೊಡಲು ಯತ್ನಿಸಿದನು. ಮಕ್ಕಳ ವಯಸ್ಸಿಗೆ ತಕ್ಕ ಪುಸ್ತಕಗಳು, ಚಿತ್ರಗಳು, ಕಥೆಗಳು, ಅವುಗಳ ಜೊತೆಗೆ ಉಪಾಧ್ಯಾಯನಿಗೆ ಸೂಚನೆಗಳು ಹೊರಬಂದುವು. ಆತನ ಪತ್ನಿ ಮೇಮಿ ಗಮೋರಾನಳೂ ಮಕ್ಕಳ ಪುಸ್ತಕಗಳನ್ನು ಬರೆದಳು. ಅನ್ಯರ ಪುಸ್ತಕಕ್ಕೆ ಕಾಗದವನ್ನು ಅಂಟಿಸುತ್ತಿದ್ದ ಕಾಲದಿಂದ ಇಲ್ಲಿಗೆ ಬಂದ ದೂರವು ಅಲ್ಪವಲ್ಲ.

ಈ ಮಧ್ಯೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ ಮುಂತಾದ ನಗರಗಳಲ್ಲಿ ಹೀಬ್ರೂ ಉಪಾಧ್ಯಾಯರ ಕಾಲೇಜುಗಳು ಹುಟ್ಟಿ ವಿದ್ವತ್ತಿನಿಂದ ಪ್ರಸಿದ್ಧಿಗೆ ಬಂದುವು. ಬಾಸ್ಟನಿನ ಕಾಲೇಜಿನ ಆರಂಭವು ೧೯೨೧ರಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಯೆಹೂದ್ಯರು ನಗರಗಳ ಹೊರವಲಯಗಳಿಗೆ ಹರಡಿದರು, ಹೊಸ ದೇವಾಲಯಗಳೂ ಅವುಗಳೊಡನೆ ಶಾಲೆಗಳೂ ಹೆಚ್ಚಿದುವು, ಉಪಾಧ್ಯಾಯರು ಸಾಲದಾದರು. ವಿಚಿತ್ರವೇನೆಂದರೆ, ಶಾಲೆಗಳಿಗೆ ಉಪಾಧ್ಯಾಯರು ಬೇಕಾಗಿದ್ದ ಕಾಲದಲ್ಲಿಯೇ ಉಪಾಧ್ಯಾಯರಿಗಾಗಿ ಹುಟ್ಟಿದ ಕಾಲೇಜುಗಳು ಕ್ರಮವಾಗಿ ಸಾಮಾನ್ಯ ಯೆಹೂದ್ಯ ವಿದ್ಯೆಯ ಕಾಲೇಜುಗಳಾಗಿ ಮಾರ್ಪಟ್ಟುವು. ಇದಕ್ಕೆ ವಿದ್ಯಾರ್ಥಿಗಳನ್ನು ನಿಂದಿಸಲಾಗದು. ನಾಲ್ಕು ವರ್ಷ ಶ್ರಮಪಟ್ಟು ಕಲಿತವನಿಗೆ ವಾರಕ್ಕೆ ಕೆಲವು ಗಂಟೆಗಳ ಕೆಲಸವು ಮಾತ್ರ ದೊರೆಯುವುದಾದರೆ ಅವನು ಜೀವನಕ್ಕೆ ಬೇರೆ ದಾರಿಯನ್ನು ಹುಡುಕಲೇಬೇಕು. ಕೂಲಿಯು ಪಾಠಕ್ಕಲ್ಲ, ಕಾವಲಿಗೆ ಎಂದು ಪೂರ್ವಕಾಲದ ಪಂಡಿತನು ಕೊಟ್ಟ ಸಮಾಧಾನವು ಇಲ್ಲಿ ನಿರುಪಯುಕ್ತವಾಯಿತು.

ಆಗ ಉಪಾಧ್ಯಾಯರು ತಾವೇ ಒಟ್ಟುಗೂಡಿದರು. ೧೯೭೬ರಲ್ಲಿ ಪ್ರಾವಿಡೆನ್ಸ್ ಪಟ್ಟಣದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕೆಲವು ತರುಣರ ಪ್ರಯತ್ನದಿಂದ ಯೆಹೂದ್ಯ ಉಪಾಧ್ಯಾಯರ ಸಮ್ಮೇಲನವೊಂದು ಸೇರಿತು. ‘ಕೇಜ್’ ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾದ ಈ ಸಂಸ್ಥೆಯು ವರ್ಷ ವರ್ಷವೂ ಬೇಸಗೆಯಲ್ಲಿ ಉಪಾಧ್ಯಾಯರನ್ನು ಕಲೆಹಾಕುತ್ತಿತ್ತು. ಇಲ್ಲಿ ಪಂಥಭೇದವಿರಲಿಲ್ಲ, ಕಾಲೇಜಿನ ಪಂಡಿತನೂ ಭಾನುವಾರದ ಗೃಹಿಣಿಯೂ ಒಂದೇ ಬೆಂಚಿನಲ್ಲಿ ಕುಳಿತರು, ಕಲಿಸಬಲ್ಲವರೆಲ್ಲ ಕಲಿಸಿದರು. ಏಕಾಂಗಿಯಾಗಿ ಒಂದು ಮೂಲೆಯ ಊರಿನಲ್ಲಿ ಪಾಠ ಹೇಳುತ್ತಿದ್ದವರಿಗೆ ತಮ್ಮಂತಹವರು ಸಾವಿರಾರು ಮಂದಿ ಇರುವರೆಂಬ ಅರಿವೇ ದೊಡ್ಡ ಬಲವಾಯಿತು. ಹಣದ ಮುಗ್ಗಟ್ಟಿನಿಂದ ಈ ಸಂಸ್ಥೆಯು ೨೦೦೯ರಲ್ಲಿ ಮುಚ್ಚಿಹೋಯಿತು.

೭

ಇಷ್ಟೆಲ್ಲ ಪ್ರಯತ್ನಗಳ ಫಲವೇನಾಯಿತೆಂಬುದನ್ನು ಅಳೆದು ನೋಡಿದವರೂ ಇದ್ದಾರೆ. ೧೯೯೦ರ ಅನಂತರದ ವರ್ಷಗಳಲ್ಲಿ ಅಟ್ಲಾಂಟ, ಬಾಲ್ಟಿಮೋರ್, ಮಿಲ್ವಾಕಿ ಎಂಬ ಮೂರು ನಗರಗಳ ಯೆಹೂದ್ಯ ಉಪಾಧ್ಯಾಯರನ್ನು ಕುರಿತು ವಿಚಾರಣೆ ನಡೆಯಿತು. ಬೋಧನಶಾಸ್ತ್ರ, ಯೆಹೂದ್ಯ ವಿದ್ಯೆ ಎರಡರಲ್ಲಿಯೂ ಕ್ರಮವಾದ ಶಿಕ್ಷಣವನ್ನು ಪಡೆದವರು ಸುಮಾರು ಐವರಲ್ಲಿ ಒಬ್ಬರು ಮಾತ್ರವೆಂದೂ, ಮೂವರಲ್ಲಿ ಒಬ್ಬರಿಗೆ ಎರಡರಲ್ಲಿಯೂ ಶಿಕ್ಷಣವಿಲ್ಲವೆಂದೂ ತಿಳಿದುಬಂದಿತು. ಅಲ್ಪಕಾಲದ ಶಾಲೆಗಳ ಉಪಾಧ್ಯಾಯರಲ್ಲಿ ಹತ್ತರಲ್ಲಿ ಸುಮಾರು ಮೂವರು ತಮ್ಮ ಹದಿಮೂರನೆಯ ವಯಸ್ಸಿನ ಮೇಲೆ ಯಾವ ಯೆಹೂದ್ಯ ಶಾಲೆಯಲ್ಲಿಯೂ ಓದಿದವರಲ್ಲ. ಎಂದರೆ, ಹದಿಮೂರು ವಯಸ್ಸಿನ ವರೆಗೆ ಕಲಿತುದನ್ನೇ ಹದಿಮೂರು ವಯಸ್ಸ ಮಕ್ಕಳಿಗೆ ಹೇಳುತ್ತಿದ್ದರು. ಈ ವಿಚಾರಣೆಯನ್ನು ನಡೆಸಿದ ವಿದ್ವಾಂಸರಲ್ಲಿ ಪ್ರಮುಖನಾದ ಆಡಮ್ ಗಮೋರಾನನು ಇಮಾನ್ಯುಯೆಲ್ ಗಮೋರಾನನ ಮೊಮ್ಮಗನು. ತಾತನು ತನ್ನ ಆಯುಸ್ಸನ್ನೆಲ್ಲ ವ್ಯಯಿಸಿ ತುಂಬಲೆಳಸಿದ ಕೊರತೆಯನ್ನು ಮೊಮ್ಮಗನು ಲೆಕ್ಕವಿಟ್ಟು ತೋರಿಸಬೇಕಾಯಿತು.

ಆದರೆ ಅದೇ ವಿಚಾರಣೆಯಲ್ಲಿ ಹೊರಪಟ್ಟ ಮತ್ತೊಂದು ಸಂಗತಿಯನ್ನು ಮರೆಯಬಾರದು. ಅಲ್ಪಕಾಲ ಮಾತ್ರ ಪಾಠ ಹೇಳುವವರಲ್ಲಿಯೂ ಅರ್ಧದಷ್ಟು ಮಂದಿ ಅದನ್ನೇ ತಮ್ಮ ನಿಜವಾದ ವೃತ್ತಿಯೆಂದು ಭಾವಿಸಿದ್ದರು. ಲೋಕದ ದೃಷ್ಟಿಯಲ್ಲಿ ಅವರದು ಎರಡು ಗಂಟೆಯ ಕೆಲಸ; ಅವರ ದೃಷ್ಟಿಯಲ್ಲಿ ಅದು ಬಾಳಿನ ಕೆಲಸ. ಈ ಎರಡು ದೃಷ್ಟಿಗಳ ನಡುವೆ ಇರುವ ಅಂತರವೇ ಈ ಚರಿತ್ರೆಯ ಸಾರವೆನ್ನಬಹುದು. ಉಪಾಧ್ಯಾಯನ ಶ್ರದ್ಧೆಗೆ ಎಂದೂ ಬರಗಾಲವಿರಲಿಲ್ಲ. ಬರಗಾಲವಿದ್ದುದು ಆ ಶ್ರದ್ಧೆಗೆ ತಕ್ಕ ವಿದ್ಯೆಯನ್ನು ಒದಗಿಸುವವರಿಗೆ.

ಈ ಚರಿತ್ರೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಒಂದು ಸಲದ ಉಪನ್ಯಾಸದಿಂದ ಉಪಾಧ್ಯಾಯನು ಸಿದ್ಧನಾಗುವುದಿಲ್ಲ. ರೆಬೆಕಾಳ ಶಾಲೆಯಲ್ಲಿಯೂ ಬೆಂಡರ್ಲಿಯ ಮಾದರಿ ಶಾಲೆಗಳಲ್ಲಿಯೂ ಫಲವು ದೊರೆತುದಕ್ಕೆ ಕಾರಣವು, ಹೇಳುವವನು ಹಿರಿಯರ ಕಣ್ಣೆದುರಿಗೆ ಪಾಠ ಹೇಳುತ್ತಿದ್ದುದು. ಎರಡನೆಯದು, ವಿಷಯಜ್ಞಾನವಿಲ್ಲದ ಬೋಧನವಿಧಾನವು ಬರಿಯ ಕೈಚಳಕ. ಬೋಧನವಿಧಾನವಿಲ್ಲದ ವಿಷಯಜ್ಞಾನವು ಬೀಗ ಹಾಕಿದ ಪೆಟ್ಟಿಗೆ. ಅಲ್ಪಕಾಲದ ಉಪಾಧ್ಯಾಯನಿಗೆ ಎರಡೂ ಬೇಕು. ಆದರೆ ಎರಡನ್ನೂ ಗಳಿಸಲು ಅವನಿಗೆ ಎಲ್ಲರಿಗಿಂತ ಕಡಮೆ ಬಿಡುವು. ಮೂರನೆಯದು, ಪವಿತ್ರವಾದ ಕೆಲಸವೆಂದು ಹೊಗಳಿದ ಮಾತ್ರಕ್ಕೆ ಅದನ್ನು ಮಾಡುವವನ ಹೊಟ್ಟೆ ತುಂಬುವುದಿಲ್ಲ. ಹೊಗಳಿಕೆಯನ್ನು ವೇತನದ ಬದಲಿಗೆ ಕೊಡುವ ಸಮಾಜವು ಕೆಲವು ಕಾಲದ ಮೇಲೆ ಒಳ್ಳೆಯ ಉಪಾಧ್ಯಾಯರನ್ನು ಕಳೆದುಕೊಳ್ಳುತ್ತದೆ.

ರಾವನಿಗೂ ರಾವ್ ದಿಮಿಗೂ ನಡೆದ ವಾದಕ್ಕೆ ಯೆಹೂದ್ಯರು ಇಂದಿಗೂ ಉತ್ತರವನ್ನು ಅರಸುತ್ತಿರುವರೆಂದೇ ಹೇಳಬೇಕು. ಇರುವ ಎರಡು ಗಂಟೆಗಳಲ್ಲಿ ಆದಷ್ಟು ಹೇಳಿಬಿಡೋಣ, ತಪ್ಪಿದ್ದರೆ ಮುಂದೆ ತಿದ್ದಿಕೊಳ್ಳಲಿ ಎಂಬುದು ಒಂದು ಪಕ್ಷ. ಬಹುಪಾಲು ಮಕ್ಕಳಿಗೆ ಆ ‘ಮುಂದೆ’ ಎಂಬುದು ಬರುವುದೇ ಇಲ್ಲ, ಕೇಳಿದ ಮೊದಲ ಪಾಠವೇ ಕಡೆಯ ಪಾಠವಾಗಬಹುದು, ಆದುದರಿಂದ ಆ ಪಾಠವನ್ನು ಹೇಳುವವನು ಚೆನ್ನಾಗಿ ಕಲಿತವನಾಗಿರಬೇಕು ಎಂಬುದು ಇನ್ನೊಂದು ಪಕ್ಷ. ಹೀಬ್ರೂವನ್ನಾಗಲಿ ಸಂಸ್ಕೃತವನ್ನಾಗಲಿ ಮನೆಯ ಮಾತಾಗಿ ಉಳಿಸಿಕೊಳ್ಳಲಾಗದೆ ಶಾಲೆಯ ಕೈಗೆ ಒಪ್ಪಿಸಿರುವ ಜನರೆಲ್ಲರೂ ಎರಡನೆಯ ಪಕ್ಷವನ್ನು ಗಂಭೀರವಾಗಿ ಆಲೋಚಿಸಬೇಕಾಗಿದೆ.